ವಾಲ್ಯೂಮ್ ಏರಿಸಿದರೆ ಕಾರಿನ ಸೌಂಡ್ ಒಡೆಯುತ್ತದೆ: ದೋಷ ಎಲ್ಲಿದೆ ಅಂತ ಹಿಡಿಯುವುದು ಹೇಗೆ

ವಾಲ್ಯೂಮ್ 15ರವರೆಗೆ ಹಾಡು ಚೆನ್ನಾಗಿಯೇ ಇರುತ್ತದೆ. 25 ದಾಟಿತು ಅಂದರೆ ಬಾಸ್ ಬಂದಾಗಲೆಲ್ಲ ಗೊರಗೊರ, ಹಾಡುವವರ ದನಿ ಹರಿದ ಹಾಗೆ. ಈ ದೂರು ಹಿಡಿದು ಆಕ್ಸೆಸರೀಸ್ ಅಂಗಡಿಗೆ ಹೋದರೆ ಉತ್ತರ ಮೊದಲೇ ರೆಡಿ ಇರುತ್ತದೆ: "ಸರ್, ಸ್ಪೀಕರ್ ಹೋಗಿದೆ, ಹೊಸ ಜೋಡಿ ಹಾಕಿಸಿಬಿಡಿ." ಹಾಕಿಸಿದ ಮೇಲೂ ಅದೇ 25ಕ್ಕೆ ಅದೇ ಗೊರಗೊರ ಕೇಳಿಸಿಕೊಂಡವರು ತುಂಬಾ ಜನ. ಯಾಕೆಂದರೆ ಹೆಚ್ಚಿನ ಸಲ ಸ್ಪೀಕರ್‌ಗೆ ಏನೂ ಆಗಿರುವುದಿಲ್ಲ. ಅದಕ್ಕೆ ಸಿಗ್ನಲ್ ಕಳಿಸುವ ಸ್ಟೀರಿಯೊ ಸೆಟ್ಟೇ ತನ್ನ ಶಕ್ತಿಯ ತುದಿ ಮುಟ್ಟಿ, ಒಡೆದ ಸಿಗ್ನಲ್ ಕಳಿಸುತ್ತಿರುತ್ತದೆ. ಸ್ಪೀಕರ್ ಪಾಪ, ಬಂದದ್ದನ್ನು ಹಾಗೆಯೇ ಒಪ್ಪಿಸುತ್ತದೆ.

ಆದ್ದರಿಂದ ಡೋರ್ ಪ್ಯಾಡ್ ಬಿಚ್ಚುವ ಮೊದಲು ದುಡ್ಡು ಖರ್ಚಾಗದ ಪರೀಕ್ಷೆಗಳನ್ನು ಮುಗಿಸಿಬಿಡೋಣ. ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ ಎಂಜಿನ್ ಸ್ಟಾರ್ಟ್ ಮಾಡಿಟ್ಟುಕೊಳ್ಳಿ. ಮುಚ್ಚಿದ ಗ್ಯಾರೇಜಿನಲ್ಲಿ ಬೇಡ, ಹೊಗೆ ತುಂಬಿಕೊಂಡರೆ ಜೀವಕ್ಕೇ ಅಪಾಯ. ಎಂಜಿನ್ ಯಾಕೆ ಅಂದರೆ, ಆಫ್ ಇದ್ದಾಗ ಬ್ಯಾಟರಿ ಸುಮಾರು 12.6 ವೋಲ್ಟ್ ಕೊಡುತ್ತದೆ, ಓಡುತ್ತಿದ್ದಾಗ 13.8ರಿಂದ 14.4 ಇರುತ್ತದೆ. ಈ ಒಂದೂವರೆ ವೋಲ್ಟಿನಿಂದಲೇ ಸೌಂಡ್ ಎಷ್ಟಕ್ಕೆ ಒಡೆಯುತ್ತದೆ ಅನ್ನುವುದು ಒಂದೆರಡು ಹಂತ ಬದಲಾಗಬಹುದು.

ಒಂದು ಸ್ಪೀಕರೋ, ನಾಲ್ಕೂ ಸ್ಪೀಕರೋ?

ಸೆಟ್ಟಿನ ಮೆನುವಿನಲ್ಲಿ ಬ್ಯಾಲೆನ್ಸ್ ಮತ್ತು ಫೇಡರ್ ಇರುತ್ತವೆ. ಬ್ಯಾಲೆನ್ಸ್ ಎಡ-ಬಲಕ್ಕೆ, ಫೇಡರ್ ಹಿಂದೆ-ಮುಂದೆಗೆ. ಎರಡನ್ನೂ ಪೂರ್ತಿ ಒಂದು ಮೂಲೆಗೆ ತಳ್ಳಿದರೆ ಒಂದೇ ಸ್ಪೀಕರ್ ಹಾಡುತ್ತದೆ. ಹೀಗೆ ನಾಲ್ಕೂ ಮೂಲೆಗಳನ್ನು ಒಂದೊಂದಾಗಿ ಕೇಳಿ. ಅದೇ ಹಾಡು, ಹಾಡಿನ ಅದೇ ಜಾಗ, ಅದೇ ವಾಲ್ಯೂಮ್.

ಒಂದೇ ಮೂಲೆಯಲ್ಲಿ ಒಡೆಯುತ್ತಿದ್ದರೆ ದೋಷ ಆ ಸ್ಪೀಕರ್‌ನಲ್ಲೋ, ಅದರ ವೈರಿನಲ್ಲೋ, ಅದು ಕೂತಿರುವ ಡೋರಿನಲ್ಲೋ ಇದೆ. ನಾಲ್ಕೂ ಕಡೆ ಹೆಚ್ಚುಕಮ್ಮಿ ಒಂದೇ ನಂಬರಿಗೆ ಒಡೆಯಲು ಶುರುವಾದರೆ ಸ್ಪೀಕರ್ ಮೇಲಿನ ಅನುಮಾನ ಬಿಟ್ಟುಬಿಡಿ. ನಾಲ್ಕು ಸ್ಪೀಕರ್ ಒಟ್ಟಿಗೆ, ಒಂದೇ ರೀತಿ ಹಾಳಾಗುವುದು ಅಪರೂಪ. ಅಲ್ಲಿ ತಪ್ಪು ಸೆಟ್ಟಿನದ್ದು, ಸೆಟ್ಟಿಂಗಿನದ್ದು ಅಥವಾ ಹಾಡಿನದ್ದೇ. ಈ ಪರೀಕ್ಷೆಗೆ ಐದು ನಿಮಿಷ ಸಾಕು, ಆದರೂ ಅಂಗಡಿಗಳಲ್ಲಿ ಇದನ್ನು ಮಾಡುವವರು ಕಡಿಮೆ.

ಜೊತೆಗೆ ಇನ್ನೊಂದನ್ನು ಗಮನಿಸಿ. ಕಡಿಮೆ ವಾಲ್ಯೂಮಿನಲ್ಲೂ ಒಡೆದ ಸದ್ದು ಸಣ್ಣದಾಗಿ ಇದೆಯೇ? ಇದ್ದರೆ ಅದು ಶಕ್ತಿ ಸಾಲದ ಸಮಸ್ಯೆಯಲ್ಲ. ಸಿಗ್ನಲ್ ಸೆಟ್ಟಿಗೆ ಬರುವಾಗಲೇ ಕೆಟ್ಟಿದೆ, ಇಲ್ಲವೇ ಸ್ಪೀಕರ್ ಒಳಗೆ ಏನೋ ಉಜ್ಜುತ್ತಿದೆ.

ಹಾಡೇ ಕೆಟ್ಟಿದ್ದರೆ

ವಾಟ್ಸಾಪಿನಲ್ಲಿ ಬಂದ ಹಾಡು, ಯಾವುದೋ ವೀಡಿಯೊದಿಂದ ಇಳಿಸಿಕೊಂಡ ಕಡಿಮೆ ಬಿಟ್‌ರೇಟಿನ ಎಂಪಿ3, ಕ್ಯಾಸೆಟ್ಟಿನಿಂದ ಯಾರೋ ಕಂಪ್ಯೂಟರಿಗೆ ಹಾಕಿದ ಭಾವಗೀತೆ. ಫೋನಿನ ಪುಟ್ಟ ಸ್ಪೀಕರ್‌ನಲ್ಲಿ ಇವುಗಳ ಕೊರತೆ ಕಾಣುವುದಿಲ್ಲ, ಕಾರಿನಲ್ಲಿ ಜೋರಾಗಿ ಹಾಕಿದಾಗ ಎಲ್ಲವೂ ಹೊರಗೆ ಬರುತ್ತದೆ. ಹಣ ಕೊಟ್ಟು ಕೇಳುವ ಆಪ್‌ನಿಂದ ಒಳ್ಳೆಯ ಕ್ವಾಲಿಟಿಯಲ್ಲಿ ಡೌನ್‌ಲೋಡ್ ಮಾಡಿದ ಒಂದು ಹಾಡನ್ನು ಪರೀಕ್ಷೆಗೇ ಅಂತ ಇಟ್ಟುಕೊಳ್ಳಿ. ಆಮೇಲೆ ಬ್ಲೂಟೂತ್, ಪೆನ್‌ಡ್ರೈವ್, ಎಫ್‌ಎಂ ಮೂರರಲ್ಲೂ ಕೇಳಿ. ಬ್ಲೂಟೂತಿನಲ್ಲಿ ಮಾತ್ರ ಒಡೆದರೆ ಫೋನನ್ನು ಹಿಡಿಯಿರಿ. ಆಕ್ಸ್ ವೈರ್ ಹಾಕಿದ್ದರೆ ಫೋನಿನ ವಾಲ್ಯೂಮ್ ತುದಿಯಿಂದ ಎರಡು ಮೂರು ಹಂತ ಕೆಳಗೇ ಇರಲಿ.

ಎಫ್‌ಎಂನಿಂದ ಇನ್ನೊಂದು ಉಪಯೋಗವಿದೆ. ಬೆಂಗಳೂರಿನಲ್ಲಿದ್ದರೆ 101.3 ಹಾಕಿ, ಹಾಡಲ್ಲ, ನಿರೂಪಕರು ಮಾತಾಡುವಾಗ ವಾಲ್ಯೂಮ್ ಏರಿಸಿ. ಮಾತಿನಲ್ಲಿ ಆಳದ ಬಾಸ್ ಹೆಚ್ಚೇನೂ ಇರುವುದಿಲ್ಲ. ಮಾತು ಸ್ವಚ್ಛವಾಗಿದ್ದು ಹಾಡು ಮಾತ್ರ ಒಡೆದರೆ, ನಿಮ್ಮ ಕಳ್ಳ ಬಾಸ್‌ನಲ್ಲಿದ್ದಾನೆ. ಮಾತೂ ಗರಗರ ಅಂದರೆ ಸ್ಪೀಕರ್ ಬಿಚ್ಚಿ ನೋಡುವ ಭಾಗಕ್ಕೆ ನೇರವಾಗಿ ಹೋಗಬಹುದು.

"50 ವ್ಯಾಟ್ x 4" ಅನ್ನುವ ಸ್ಟಿಕ್ಕರ್

ವಿಷಯದ ತಿರುಳು ಇಲ್ಲಿದೆ, ಸ್ವಲ್ಪ ನಿಧಾನವಾಗಿ ನೋಡೋಣ.

ಹೊರಗಿನಿಂದ ತಂದು ಹಾಕಿಸುವ ಹೆಚ್ಚಿನ ಸೆಟ್ಟುಗಳ ಮೇಲೆ 50 ವ್ಯಾಟ್ x 4 ಅಂತ ಬರೆದಿರುತ್ತದೆ. ಈ 50 ಎಲ್ಲಿಂದ ಬಂತು? ಎಂಜಿನ್ ಓಡುವಾಗ ಸಿಗುವ 14.4 ವೋಲ್ಟನ್ನು ಅದರಿಂದಲೇ ಗುಣಿಸಿ, ಸ್ಪೀಕರ್‌ನ 4 ಓಮ್‌ನಿಂದ (ಕರೆಂಟಿಗೆ ಅದು ಒಡ್ಡುವ ತಡೆಯ ಅಳತೆ) ಭಾಗಿಸಿ. 51.84 ಬರುತ್ತದೆ. ಅಂದರೆ ಕಾರಿನ ಅಷ್ಟೂ ವೋಲ್ಟೇಜನ್ನು ಒಂದು ಚೂರೂ ಬಿಡದೆ ಸ್ಪೀಕರ್‌ಗೆ ಸುರಿದರೆ ಬರುವ ಅಂಕಿ ಅದು. ಹಾಗೆ ಸುರಿದಾಗ ಬರುವ ಅಲೆ ಚೌಕಾಕಾರದ್ದು, ಸಂಗೀತವೇ ಅಲ್ಲ. ಸ್ಟಿಕ್ಕರ್ ಮೇಲಿನ 50 ವ್ಯಾಟ್ ಸಿಗುವುದು ಸೌಂಡ್ ಪೂರ್ತಿ ಒಡೆದಾಗ ಮಾತ್ರ!

ದುಂಡನೆಯ, ಶುದ್ಧ ಅಲೆಗೆ ಇದೇ ಲೆಕ್ಕ ಹಾಕಿದರೆ ಅರ್ಧ, ಅಂದರೆ ಸುಮಾರು 26 ವ್ಯಾಟ್. ಸೆಟ್ಟಿನೊಳಗೆ ಸಿಗ್ನಲ್ಲಿಗೆ ಶಕ್ತಿ ತುಂಬುವ ಚಿಪ್, ಅಂದರೆ ಐಸಿ, ತಾನೂ ಒಂದಿಷ್ಟು ವೋಲ್ಟೇಜ್ ನುಂಗುತ್ತದೆ. ಅದು ಕಳೆದು ಕೈಗೆ ಸಿಗುವುದು ಚಾನೆಲ್ಲಿಗೆ, ಅಂದರೆ ಒಂದು ಸ್ಪೀಕರ್ ಲೈನಿಗೆ, 15ರಿಂದ 22 ವ್ಯಾಟ್. ಡಬ್ಬದ ಮೂಲೆಯಲ್ಲಿ, ಇಲ್ಲವೇ ಮ್ಯಾನ್ಯುಯಲ್‌ನ ಕೊನೆಯ ಪುಟದಲ್ಲಿ, ಆರ್‌ಎಂಎಸ್ ಅಂತ ಸಣ್ಣಕ್ಷರದಲ್ಲಿ ಬರೆದಿರುವುದು ಇದನ್ನೇ. ಸಿಇಎ-2006 ಎಂಬ ಮಾನದಂಡದ ಹೆಸರು ಕಂಡರೆ ಆ ಅಂಕಿಯನ್ನು ನಂಬಬಹುದು. ಅದರ ಪ್ರಕಾರ 14.4 ವೋಲ್ಟ್, 4 ಓಮ್, ಡಿಸ್ಟಾರ್ಷನ್ (ಸದ್ದಿನ ಒಡಕು) 1 ಪರ್ಸೆಂಟ್ ಮೀರದ ಹಾಗೆ ಅಳೆದಿರಬೇಕು.

ಸೆಟ್ಟು ಈ ಮಿತಿ ಮುಟ್ಟಿದಾಗ ಆಗುವುದಕ್ಕೆ ಕ್ಲಿಪ್ಪಿಂಗ್ ಅನ್ನುತ್ತಾರೆ. ಅಲೆ ಇನ್ನೂ ಮೇಲೆ ಹೋಗಬೇಕು, ಆದರೆ ಕೊಡಲು ವೋಲ್ಟೇಜ್ ಉಳಿದಿಲ್ಲ. ಹಳೇ ಮನೆಯ ಗಿಡ್ಡ ಬಾಗಿಲಲ್ಲಿ ಎತ್ತರದವರ ತಲೆ ಬಡಿಯುವ ಹಾಗೆ ಅಲೆಯ ನೆತ್ತಿ ಬಡಿದು ಚಪ್ಪಟೆಯಾಗುತ್ತದೆ. ಆ ಚಪ್ಪಟೆ ನೆತ್ತಿಯಿಂದ ಹಾಡಿನಲ್ಲಿ ಇಲ್ಲದ ಹೊಸ ಸ್ವರಗಳು ಹುಟ್ಟುತ್ತವೆ. ಕಿವಿಗೆ ಅದೇ ಗೊರಗೊರ, ಕರ್ಕಶ. ಕ್ಲಿಪ್ ಆದ ಸಿಗ್ನಲ್ ಸರಾಸರಿ ಶಕ್ತಿಯನ್ನು ಜಾಸ್ತಿ ಹೊತ್ತಿರುತ್ತದೆ. ಆದ್ದರಿಂದ ಗಂಟೆಗಟ್ಟಲೆ ಹೀಗೆ ಬಾರಿಸಿದರೆ ಟ್ವೀಟರ್ (ತೆಳು, ಎತ್ತರದ ಸ್ವರಗಳ ಪುಟ್ಟ ಸ್ಪೀಕರ್) ಸುಟ್ಟು, ಕೊನೆಗೆ ಅಂಗಡಿಯವರ ಮಾತು ನಿಜವಾಗಿಬಿಡುತ್ತದೆ.

ಸ್ಪೀಕರ್ ಡಬ್ಬದ ಮೇಲೆ "300 ವ್ಯಾಟ್" ಅಂತ ಇರುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಸ್ಪೀಕರ್ ವ್ಯಾಟ್ ಹುಟ್ಟಿಸುವುದಿಲ್ಲ, ತಡೆದುಕೊಳ್ಳುತ್ತದೆ ಅಷ್ಟೇ. 20 ವ್ಯಾಟಿನ ಸೆಟ್ಟಿಗೆ 300 ವ್ಯಾಟಿನ ಸ್ಪೀಕರ್ ಕಟ್ಟಿದರೂ ಬರುವುದು 20 ವ್ಯಾಟಿನ ಸದ್ದೇ.

ಬಾಸ್ ನಾಬ್ ಮಾಡುವ ಕಿತಾಪತಿ

ಗೆಳೆಯನೊಬ್ಬ ಸೆಕೆಂಡ್‌ಹ್ಯಾಂಡ್ ಹ್ಯಾಚ್‌ಬ್ಯಾಕ್ ತಗೊಂಡ. ಹಳೇ ಓನರ್ ಹಿಂದಿನ ಟ್ರೇಗೆ ಓವಲ್ ಸ್ಪೀಕರ್ ಹಾಕಿಸಿದ್ದರು, ಇವನು ಮುಂದಿನ ಡೋರಿಗೂ ಹೊಸದು ಹಾಕಿಸಿದ. ಆದರೂ 22 ದಾಟಿದರೆ ಕೇಳುವ ಹಾಗಿಲ್ಲ. ಬ್ಯಾಲೆನ್ಸ್ ಪರೀಕ್ಷೆಯಲ್ಲಿ ನಾಲ್ಕೂ ಮೂಲೆ ಒಂದೇ ಹಾಡು. ಸೆಟ್ಟಿನ ಮೆನು ತೆಗೆದು ನೋಡಿದರೆ ಬಾಸ್ +6, ಬಾಸನ್ನೇ ಏರಿಸುವ ಲೌಡ್‌ನೆಸ್ ಕೂಡ ಆನ್. ಫೋನಿನ ಮ್ಯೂಸಿಕ್ ಆಪ್‌ನಲ್ಲಿ ಈಕ್ವಲೈಸರ್ "ಬಾಸ್ ಬೂಸ್ಟರ್"ನಲ್ಲಿ ಕೂತಿದೆ. ಅದು ಸಾಲದು ಅಂತ ಫೋನಿನ ಸೌಂಡ್ ಸೆಟ್ಟಿಂಗಿನಲ್ಲೂ ಇನ್ನೊಂದು ಎಫೆಕ್ಟ್. ಒಂದರ ತಲೆಯ ಮೇಲೆ ಒಂದು, ಒಟ್ಟು ನಾಲ್ಕು ಕಡೆ ಬಾಸ್ ಏರಿಸಲಾಗಿತ್ತು.

ಇದರ ಬೆಲೆ ಏನು ನೋಡಿ. 3 ಡೆಸಿಬೆಲ್ ಏರಿಸಿದರೆ ಎರಡು ಪಟ್ಟು ಶಕ್ತಿ ಬೇಕು. 6 ಏರಿಸಿದರೆ ನಾಲ್ಕು ಪಟ್ಟು, 12ಕ್ಕೆ ಹದಿನಾರು ಪಟ್ಟು. ಸೆಟ್ಟಿನಲ್ಲಿ ಒಂದು 6, ಫೋನಿನಲ್ಲಿ ಒಂದು 6 ಅಂತಿಟ್ಟುಕೊಂಡರೂ, ಬಾಸ್‌ಗೆ 2 ವ್ಯಾಟ್ ಸಾಕಿದ್ದ ಕಡೆ 32 ವ್ಯಾಟ್ ಬೇಕಾಗುತ್ತದೆ. ಸೆಟ್ಟಿನ ಹತ್ತಿರ ಇರುವುದೇ 20. ಫೋನಿನೊಳಗೆ ಏರಿಸುವುದು ಇನ್ನೂ ಕೆಟ್ಟದ್ದು. ಈಗಿನ ಹಾಡುಗಳನ್ನು ರೆಕಾರ್ಡಿಂಗ್‌ನಲ್ಲೇ ಮಿತಿಯ ಅಂಚಿಗೆ ತಂದಿಟ್ಟಿರುತ್ತಾರೆ. ಅದರ ಮೇಲೆ ಮತ್ತೆ ಬೂಸ್ಟ್ ಕೊಟ್ಟರೆ ಸಿಗ್ನಲ್ ಫೋನಿನಿಂದ ಹೊರಡುವ ಮೊದಲೇ ಕ್ಲಿಪ್ ಆಗಬಹುದು. ಆಗ ವಾಲ್ಯೂಮ್ ತಗ್ಗಿಸಿದರೂ ಒಡಕು ಹೋಗುವುದಿಲ್ಲ.

ಎಲ್ಲವನ್ನೂ ಸೊನ್ನೆಗೆ ತಂದೆವು. ಮೊದಲು "ಏನಪ್ಪಾ ಇದು, ಸಪ್ಪೆ" ಅಂದ. 28ಕ್ಕೆ ಏರಿಸಿದಾಗ ಸುಮ್ಮನಾದ. ಸಪ್ಪೆ ಅನ್ನಿಸುವುದು ಸಹಜ, ಕಿವಿಗೆ ಬೂಸ್ಟ್ ರೂಢಿಯಾಗಿರುತ್ತದೆ. ಸುಮ್ನೆ ಒಂದು ವಾರ ಹಾಗೇ ಕೇಳಿ. ಆಮೇಲೂ ಬಾಸ್ ಬೇಕು ಅನ್ನಿಸಿದರೆ ಒಂದೇ ಕಡೆ, ಸೆಟ್ಟಿನಲ್ಲಿ ಮಾತ್ರ, ಒಂದೆರಡು ಹಂತ ಏರಿಸಿಕೊಳ್ಳಿ.

ಇಷ್ಟರ ಜೊತೆಗೆ ಹೈಪಾಸ್ ಫಿಲ್ಟರ್ (ಎಚ್‌ಪಿಎಫ್), ಅಂದರೆ ಆಳದ ಬಾಸನ್ನು ತಡೆದು ಉಳಿದದ್ದನ್ನು ಬಿಡುವ ಜರಡಿ, ಹಾಕಿದರೆ ಅರ್ಧಕ್ಕರ್ಧ ಕಾರುಗಳ ತೊಂದರೆ ಅಲ್ಲಿಗೇ ಮುಗಿಯುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಆರೂವರೆ ಇಂಚಿನ ಡೋರ್ ಸ್ಪೀಕರ್‌ನ ಕೋನ್ (ಅಲ್ಲಾಡಿ ಸದ್ದು ಹುಟ್ಟಿಸುವ ಬಟ್ಟಲಿನಂಥ ಭಾಗ) ಹಿಂದೆ ಮುಂದೆ ಅಲ್ಲಾಡುವುದು ಕೆಲವೇ ಮಿಲಿಮೀಟರ್. ಸ್ವರ ಒಂದು ಸಪ್ತಕ ಕೆಳಗೆ ಹೋದರೆ, ಅಷ್ಟೇ ಜೋರು ಬರಬೇಕೆಂದರೆ ಕೋನ್ ನಾಲ್ಕು ಪಟ್ಟು ದೂರ ಅಲ್ಲಾಡಬೇಕು. 80 ಹರ್ಟ್ಸ್‌ನಲ್ಲಿ 1 ಮಿಲಿಮೀಟರ್ ಸಾಕಿದ್ದದ್ದಕ್ಕೆ 40 ಹರ್ಟ್ಸ್‌ನಲ್ಲಿ 4 ಬೇಕು. ಅಷ್ಟು ದೂರ ಅದಕ್ಕೆ ಹೋಗಲಾಗುವುದಿಲ್ಲ, ಕೊನೆಗೆ ಟಪ್ ಟಪ್ ಅಂತ ಬಡಿಯುತ್ತದೆ. ಸೆಟ್ಟಿನ ಆಡಿಯೊ ಮೆನುವಿನಲ್ಲಿ ಎಚ್‌ಪಿಎಫ್ ಅಂತ ಇದ್ದರೆ 80ಕ್ಕೆ ಇಡಿ. ಕಂಪನಿ ಸೆಟ್ಟಿನಲ್ಲಿ ಅದು ಇಲ್ಲದಿದ್ದರೆ 470 ಮೈಕ್ರೊಫ್ಯಾರಡ್‌ನ ನಾನ್-ಪೋಲಾರ್ ಕೆಪಾಸಿಟರ್ ಒಂದನ್ನು ಪ್ರತಿ ಸ್ಪೀಕರ್‌ನ ಪ್ಲಸ್ ವೈರಿನಲ್ಲಿ ಸೀರೀಸ್ ಆಗಿ ಸೇರಿಸಬಹುದು. 4 ಓಮ್ ಸ್ಪೀಕರ್‌ಗೆ ಅದು ಸುಮಾರು 85 ಹರ್ಟ್ಸ್‌ನಿಂದ ಕೆಳಗೆ ಬಾಸನ್ನು ನಿಧಾನವಾಗಿ ತಗ್ಗಿಸುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಂಥ ಎಲೆಕ್ಟ್ರಾನಿಕ್ಸ್ ಪೇಟೆಗಳಲ್ಲಿ ಬಿಡಿಬಿಡಿಯಾಗಿ ಸಿಗುತ್ತದೆ. ಮಾಮೂಲಿ ಪ್ಲಸ್-ಮೈನಸ್ ಇರುವ ಕೆಪಾಸಿಟರ್ ಹಾಕಬೇಡಿ.

ಮೀಟರ್ ಇದ್ದವರಿಗೆ

ಕಿವಿಯ ಮಾತು ನಂಬದವರು ಮಲ್ಟಿಮೀಟರಿನಿಂದ ಮಿತಿ ಹುಡುಕಬಹುದು. 50 ಅಥವಾ 60 ಹರ್ಟ್ಸ್‌ನ ಟೆಸ್ಟ್ ಟೋನ್ ಒಂದನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಒಂದು ಸ್ಪೀಕರ್‌ನ ಕಪ್ಲರ್ ಕಳಚಿ, ಆ ಎರಡು ವೈರುಗಳಿಗೆ ಮೀಟರ್ ಹಚ್ಚಿ ಎಸಿ ವೋಲ್ಟ್‌ನಲ್ಲಿಡಿ. ಉಳಿದ ಸ್ಪೀಕರ್‌ಗಳು ಬ್ಯಾಲೆನ್ಸ್, ಫೇಡರ್‌ನಿಂದ ಬಂದ್ ಇರಲಿ. ವಾಲ್ಯೂಮನ್ನು ಎರಡೆರಡು ಹಂತ ಏರಿಸುತ್ತಾ ಬರೆದುಕೊಳ್ಳಿ. ಉದಾಹರಣೆಗೆ 5.0, 6.3, 7.9 ಅಂತ ಒಂದೇ ಅನುಪಾತದಲ್ಲಿ ಏರುತ್ತಾ ಹೋಗುತ್ತದೆ. ಮುಂದಿನದು 10 ಬರಬೇಕಿತ್ತು, ಆದರೆ 9 ಬಂತು ಅಂದರೆ ಅಲೆಯ ನೆತ್ತಿ ಬಡಿಯಲು ಶುರುವಾಗಿದೆ. ಅದರ ಹಿಂದಿನ ನಂಬರೇ ನಿಮ್ಮ ಸೆಟ್ಟಿನ ನಿಜವಾದ ಫುಲ್ ವಾಲ್ಯೂಮ್. ಡಿಸ್‌ಪ್ಲೇ 40ರವರೆಗೆ ತೋರಿಸಿದರೂ 29ಕ್ಕೇ ಮುಗಿದಿರಬಹುದು. ಆದರೆ ಈ ನಂಬರ್ ಬಾಸ್ ಸೊನ್ನೆಯಲ್ಲಿದ್ದಾಗಿನದ್ದು. ಬಾಸ್ ಏರಿಸಿದರೆ ಅದು ಕೆಳಗಿಳಿಯುತ್ತದೆ.

ಡೋರ್ ಪ್ಯಾಡ್ ಮೇಲೆ ಕೈ ಇಡಿ

ಒಂದೇ ಮೂಲೆಯಲ್ಲಿ ಸದ್ದು ಅಂದರೆ ಮೊದಲು ಡೋರನ್ನೇ ಅನುಮಾನಿಸಿ. ಡೋರ್ ಪಾಕೆಟ್ಟಿನ ನೀರಿನ ಬಾಟಲಿ, ಟೋಲ್ ಚೀಟಿ, ಚಿಲ್ಲರೆ ಎಲ್ಲ ತೆಗೆದುಹಾಕಿ. ಬಾಸ್ ಜಾಸ್ತಿ ಇರುವ ಹಾಡು ಹಾಕಿ, ಅಂಗೈಯನ್ನು ಡೋರ್ ಪ್ಯಾಡ್ ಮೇಲೆ ಒತ್ತಿ ಹಿಡಿದು ಮೆಲ್ಲಗೆ ಸರಿಸುತ್ತಾ ಹೋಗಿ. ಸ್ಪೀಕರ್ ಜಾಲರಿಯ ಅಂಚು, ಹ್ಯಾಂಡಲ್ ಸುತ್ತ, ಪವರ್ ವಿಂಡೋ ಸ್ವಿಚ್ಚಿನ ತಟ್ಟೆ, ಕೆಳಗಿನ ಕ್ಲಿಪ್ಪುಗಳು. ಒಂದು ಜಾಗದಲ್ಲಿ ಒತ್ತಿದಾಗ ಝರ್ ಅನ್ನುವುದು ಥಟ್ಟನೆ ನಿಲ್ಲುತ್ತದೆ. ಅಲ್ಲಿ ಕ್ಲಿಪ್ ಮುರಿದಿರುತ್ತದೆ ಅಥವಾ ಸ್ಪೀಕರ್ ನಾಲ್ಕರ ಬದಲು ಎರಡೇ ಸ್ಕ್ರೂ ಮೇಲೆ ನೇತಾಡುತ್ತಿರುತ್ತದೆ. ಹಿಂದಿನಿಂದ ಬಂದರೆ ನಂಬರ್ ಪ್ಲೇಟ್, ಪಾರ್ಸೆಲ್ ಟ್ರೇ, ಸೀಟ್ ಬೆಲ್ಟಿನ ಬಕಲ್ ನೋಡಿ. ಹೊಸ ಕ್ಲಿಪ್, ಫೋಮ್ ಟೇಪ್, ಒಂದು ಡ್ಯಾಂಪಿಂಗ್ ಶೀಟ್, ಇಷ್ಟರಲ್ಲಿ ಕೆಲಸ ಮುಗಿಯುತ್ತದೆ.

ಸ್ಪೀಕರ್ ಬಿಚ್ಚಿದಾಗ

ಕರಾವಳಿ, ಮಲೆನಾಡಿನ ಕಾರುಗಳಲ್ಲಿ ಡೋರಿನೊಳಗಿನ ಪ್ಲಾಸ್ಟಿಕ್ ಹಾಳೆಯನ್ನು ತಪ್ಪದೆ ನೋಡಿ. ಗಾಜಿನ ಸಂದಿಯಿಂದ ಮಳೆನೀರು ಡೋರಿನೊಳಗೆ ಇಳಿಯುವುದು ಮಾಮೂಲಿ, ಕೆಳಗಿನ ತೂತುಗಳಿಂದ ಅದು ಹೊರಗೆ ಹೋಗುತ್ತದೆ. ಸ್ಪೀಕರ್ ಹಾಕುವ ಅವಸರದಲ್ಲಿ ಆ ಹಾಳೆಯನ್ನು ಹರಿದು ಬಿಟ್ಟಿದ್ದರೆ, ಅಥವಾ ಕೆಸರಿನಿಂದ ತೂತು ಮುಚ್ಚಿದ್ದರೆ, ಒಂದೇ ಮಳೆಗಾಲಕ್ಕೆ ಕಾಗದದ ಕೋನ್ ಮೆತ್ತಗಾಗುತ್ತದೆ, ಟರ್ಮಿನಲ್ ಹಸಿರು ಹಿಡಿಯುತ್ತದೆ.

ಕೋನಿನ ಅಂಚಿನ ರಬ್ಬರ್ ಅಥವಾ ಫೋಮ್ ಬಿರುಕು ಬಿಟ್ಟಿದೆಯೇ ನೋಡಿ. ಆಮೇಲೆ ಎರಡೂ ಕೈಯ ಬೆರಳುಗಳನ್ನು ಕೋನಿನ ಮೇಲೆ ಸಮವಾಗಿ ಇಟ್ಟು ಮೆಲ್ಲಗೆ ಒಳಗೆ ಒತ್ತಿ, ಬಿಡಿ. ಸದ್ದಿಲ್ಲದೆ ಹೋಗಿ ಬರಬೇಕು. ಮರಳು ಉಜ್ಜಿದ ಹಾಗೆ ಕರಕರ ಅಂದರೆ ಕೋನನ್ನು ಅಲ್ಲಾಡಿಸುವ ತಂತಿಯ ಸುರುಳಿ, ಅಂದರೆ ಕಾಯಿಲ್, ಮ್ಯಾಗ್ನೆಟ್ಟಿಗೆ ಉಜ್ಜುತ್ತಿದೆ, ಇಲ್ಲವೇ ಸಂದಿಯಲ್ಲಿ ಕಬ್ಬಿಣದ ಪುಡಿ ಸೇರಿದೆ. ಕಾಯಿಲ್ ಸುಟ್ಟು ಉಬ್ಬಿದ್ದರೂ ಹೀಗೇ, ಮೂಗು ಹತ್ತಿರ ತಂದರೆ ಕಮಟು ವಾಸನೆಯೂ ಇರುತ್ತದೆ. ಈ ಕರಕರ ಇದ್ದರೆ ಹೆಚ್ಚು ಯೋಚಿಸುವುದೇ ಬೇಡ, ಬದಲಿಸಿ.

ಮೀಟರನ್ನು ಓಮ್‌ನಲ್ಲಿಟ್ಟು ಅಳೆದರೆ 4 ಓಮ್ ಸ್ಪೀಕರ್ 3.2ರಿಂದ 3.8 ತೋರಿಸುತ್ತದೆ. ಕೋನ್ ಒತ್ತುವಾಗ ಈ ಅಂಕಿ ಕುಣಿದರೆ ಟರ್ಮಿನಲ್‌ನಿಂದ ಕೋನಿಗೆ ಹೋಗುವ ಹೆಣೆದ ತಂತಿ ಒಳಗೆ ಮುರಿದಿದೆ. ಸೆಟ್ಟಿನ ಕಡೆಯ ವೈರಿನಿಂದ ಅಳೆದಾಗ 1.8ರ ಆಸುಪಾಸು ಬಂದರೆ ಯಾರೋ ಒಂದೇ ಚಾನೆಲ್ಲಿಗೆ ಎರಡು ಸ್ಪೀಕರ್ ಪ್ಯಾರಲಲ್ ಕೊಟ್ಟಿದ್ದಾರೆ. 4 ಓಮ್‌ಗೆ ಮಾಡಿದ ಸೆಟ್ಟು ಅದರಲ್ಲಿ ಬೇಗ ಬಿಸಿಯಾಗಿ ಒಡೆಯುತ್ತದೆ. ಮೊದಲ ಅರ್ಧ ಗಂಟೆ ಚೆನ್ನಾಗಿದ್ದು ಆಮೇಲೆ ಕೆಡುವ ಕಾರುಗಳಲ್ಲಿ ಇದನ್ನು ಮೊದಲು ನೋಡಬೇಕು. ಕೆಲವು ಕಂಪನಿ ಸ್ಪೀಕರ್‌ಗಳೇ 2 ಓಮ್ ಇರುತ್ತವೆ, ಮ್ಯಾಗ್ನೆಟ್ ಹಿಂದಿನ ಲೇಬಲ್ ಓದಿಕೊಳ್ಳಿ.

ಪ್ಲಸ್-ಮೈನಸ್ ಅದಲುಬದಲಾದರೆ ಸೌಂಡ್ ಒಡೆಯುವುದಿಲ್ಲ, ಬಾಸ್ ತೆಳುವಾಗುತ್ತದೆ ಅಷ್ಟೇ. ಆದರೆ ಬಾಸ್ ಸಾಲದು ಅಂತ ನಾಬ್ ತಿರುಗಿಸಿದರೆ ಮತ್ತೆ ಹಳೇ ಕಥೆ. 1.5 ವೋಲ್ಟಿನ ಪೆನ್ಸಿಲ್ ಸೆಲ್ಲಿನ ಪ್ಲಸ್ಸನ್ನು ಸ್ಪೀಕರ್ ಪ್ಲಸ್ಸಿಗೆ, ಮೈನಸ್ಸನ್ನು ಮೈನಸ್ಸಿಗೆ ಒಂದು ಕ್ಷಣ ಮುಟ್ಟಿಸಿ. ಕೋನ್ ಹೊರಕ್ಕೆ ಬಂದರೆ ಗುರುತು ಸರಿಯಿದೆ. ವೈರುಗಳ ವಿಷಯದಲ್ಲಿ ಹೇಳಬೇಕಾದ್ದು ಇಷ್ಟೇ: ತಿರುಚಿ ಟೇಪ್ ಸುತ್ತಿದ ಜಾಯಿಂಟು, ಡೋರ್ ಕೀಲಿನ ರಬ್ಬರ್ ಕೊಳವೆಯಲ್ಲಿ ಮಡಿಸಿ ಮಡಿಸಿ ಎಳೆ ಕಿತ್ತ ವೈರು. ಡೋರ್ ತೆಗೆದು ಹಾಕುವಾಗ ಸದ್ದು ಬದಲಾದರೆ ಅಲ್ಲೇ ಬಿಚ್ಚಿ ನೋಡಿ.

ಆಂಪ್ ಇದ್ದರೆ

ಡಿಕ್ಕಿಯಲ್ಲೋ ಸೀಟಿನ ಕೆಳಗೋ ಪ್ರತ್ಯೇಕ ಆಂಪ್ಲಿಫೈಯರ್ ಇರುವವರು ಗೇನ್ ನಾಬ್ ನೋಡಿ. ಅದು ವಾಲ್ಯೂಮ್ ಅಲ್ಲ. ಸೆಟ್ಟಿನಿಂದ ಬರುವ ಸಿಗ್ನಲ್ಲಿಗೆ ಆಂಪನ್ನು ಹೊಂದಿಸುವ ತಿರುಪು. ಪೂರ್ತಿ ತಿರುಗಿಸಿದರೆ ಆಂಪ್ ಬೇಗ ಕ್ಲಿಪ್ ಆಗುತ್ತದೆಯೇ ಹೊರತು ಅದರ ಶಕ್ತಿ ಹೆಚ್ಚುವುದಿಲ್ಲ. ಚಾನೆಲ್ಲಿನ ಆರ್‌ಎಂಎಸ್ ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆಯಿರಿ. 50 ವ್ಯಾಟ್, 4 ಓಮ್‌ಗೆ 14.1 ವೋಲ್ಟ್. ಸ್ಪೀಕರ್ ಕಳಚಿ, ಮೊದಲು ಹುಡುಕಿಟ್ಟ ಸ್ವಚ್ಛ ವಾಲ್ಯೂಮಿನಲ್ಲಿ ಅದೇ ಟೆಸ್ಟ್ ಟೋನ್ ಹಾಕಿ, ಮೀಟರ್ 14.1 ತೋರಿಸುವವರೆಗೆ ಗೇನ್ ಏರಿಸಿ ಅಲ್ಲಿಗೆ ಬಿಡಿ. ಟೋನ್ ಹಾಕುವಾಗ ಆಂಪ್‌ನ ಫಿಲ್ಟರ್ ಆಫ್ ಇರಬೇಕು, ಇಲ್ಲದಿದ್ದರೆ ಮೀಟರ್ ಕಡಿಮೆ ತೋರಿಸಿ ನೀವು ಗೇನ್ ಜಾಸ್ತಿ ಏರಿಸಿಬಿಡುತ್ತೀರಿ.

ಬಾಸ್ ಬಡಿತಕ್ಕೆ ಡ್ಯಾಶ್‌ಬೋರ್ಡ್ ಲೈಟು ಮಂಕಾಗುತ್ತಿದ್ದರೆ ಕರೆಂಟು ಸಾಲುತ್ತಿಲ್ಲ. ಹಾಡು ಜೋರಾಗಿ ಓಡುತ್ತಿರುವಾಗಲೇ ಮೀಟರಿನ ಒಂದು ತುದಿಯನ್ನು ಆಂಪ್‌ನ ಗ್ರೌಂಡ್ ಟರ್ಮಿನಲ್ಲಿಗೂ ಇನ್ನೊಂದನ್ನು ಬ್ಯಾಟರಿ ಮೈನಸ್ಸಿಗೂ ಹಚ್ಚಿ ಡಿಸಿ ವೋಲ್ಟ್ ನೋಡಿ. 0.2ಕ್ಕಿಂತ ಜಾಸ್ತಿ ಬಂದರೆ ಗ್ರೌಂಡ್ ಸರಿಯಿಲ್ಲ. ಪೇಂಟ್ ಮೇಲೆಯೇ ಬೋಲ್ಟ್ ಬಿಗಿದಿರುತ್ತಾರೆ, ಕೆರೆದು ಹೊಳೆಯುವ ತಗಡಿಗೆ ಕೂರಿಸಿ. ಪ್ಲಸ್ ಕಡೆ ವೈರ್ ಕಿಟ್ ಅಗ್ಗದ್ದಾಗಿದ್ದರೆ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಅಷ್ಟೇ ದಪ್ಪದ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು ರೆಸಿಸ್ಟನ್ಸ್ ಇರುತ್ತದೆ.

ಎಲ್ಲ ಸರಿಯಿದ್ದೂ ಇನ್ನೂ ಜೋರು ಬೇಕೇ ಬೇಕು ಅನ್ನುವವರು ಸ್ಪೀಕರ್ ಡಬ್ಬದಲ್ಲಿ ವ್ಯಾಟ್ ಬಿಟ್ಟು ಸೆನ್ಸಿಟಿವಿಟಿ (ಅಷ್ಟೇ ಶಕ್ತಿಗೆ ಎಷ್ಟು ಜೋರು ಹಾಡುತ್ತದೆ ಅನ್ನುವ ಅಂಕಿ) ಓದಿ. 88 ಡೆಸಿಬೆಲ್‌ನದ್ದರ ಬದಲು 91ರದ್ದು ಹಾಕಿದರೆ, ಅದೇ ಸೆಟ್ಟಿನ ಶಕ್ತಿಯನ್ನು ಎರಡು ಪಟ್ಟು ಮಾಡಿದಷ್ಟು ಫಲ. ಅದೂ ಸಾಲದಿದ್ದರೆ ಚಾನೆಲ್ಲಿಗೆ 50 ವ್ಯಾಟ್ ಆರ್‌ಎಂಎಸ್ ಇರುವ ಸಣ್ಣ ಆಂಪ್ ಒಂದನ್ನು ಹಾಕಿಸಿ. ಆಗ ಬ್ಯಾಟರಿಯಿಂದ ಬರುವ ಪ್ಲಸ್ ವೈರಿಗೆ, ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಫ್ಯೂಸ್ ಇದೆಯೇ ಅಂತ ಬಾನೆಟ್ ತೆಗೆಸಿ ನೋಡಿಯೇ ದುಡ್ಡು ಕೊಡಿ.